ಕನ್ನಡಕ್ಕೆ ಬಂದ ಅಮೆರಿಕದ ಚಿತ್ರಕಥೆಗಳು

೧

ಭಾಷಾಂತರ ಸಾಹಿತ್ಯವೆಂದೊಡನೆ ನಮ್ಮ ವಿದ್ವಾಂಸರ ದೃಷ್ಟಿ ನಾಟಕ, ಕಾದಂಬರಿ, ಭಾವಗೀತೆಗಳ ಕಡೆಗೆ ಹರಿಯುವುದು ಸಹಜ. ಬಿ. ವೆಂಕಟಾಚಾರ್ಯರು ವಂಗ ಕಾದಂಬರಿಗಳನ್ನು ಕನ್ನಡಕ್ಕೆ ತಂದುದು, ಬಿ. ಎಂ. ಶ್ರೀಕಂಠಯ್ಯನವರು ಆಂಗ್ಲ ಕವಿತೆಗಳನ್ನು ಕನ್ನಡಿಸಿದುದು, ಷೇಕ್ಸ್‌ಪಿಯರನ ನಾಟಕಗಳು ಕನ್ನಡದ ವೇಷ ತೊಟ್ಟುದು, ಇವೆಲ್ಲವನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿಮರ್ಶೆ ಬೆಳೆದಿದೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡದ ಹುಡುಗರು ಪಠ್ಯಪುಸ್ತಕದೊಳಗೆ ಮರೆಮಾಡಿ ಓದಿದ, ಕೈಯಿಂದ ಕೈಗೆ ದಾಟಿಸಿದ, ಕೊನೆಗೆ ರದ್ದಿಯವನ ತಕ್ಕಡಿಗೆ ಹಾಕಿದ ಇನ್ನೊಂದು ಅನುವಾದರಾಶಿಯುಂಟು. ಅದು ಅಮೆರಿಕದಿಂದ ಬಂದ ಚಿತ್ರಕಥೆಗಳದು. ಓದುಗರ ಸಂಖ್ಯೆಯಲ್ಲಿ ಅದು ಯಾವ ಗಂಭೀರ ಅನುವಾದಕ್ಕೂ ಕಡಮೆಯಾದುದಲ್ಲ. ಸಾಹಿತ್ಯಚರಿತ್ರೆಯಲ್ಲಿ ಮಾತ್ರ ಅದಕ್ಕೆ ಸ್ಥಳ ದೊರೆತಿಲ್ಲ.

ಈ ಲೇಖನದಲ್ಲಿ ನಾವು ಆ ಚರಿತ್ರೆಯ ಮುಖ್ಯ ಘಟ್ಟಗಳನ್ನು ವಿವರಿಸಿ, ಅದರಿಂದ ಅನುವಾದಶಾಸ್ತ್ರದ ವಿದ್ಯಾರ್ಥಿಗೆ ತಿಳಿದುಬರುವ ಒಂದು ತತ್ತ್ವವನ್ನು ನಿರೂಪಿಸಲು ಯತ್ನಿಸುತ್ತೇವೆ. ತತ್ತ್ವವು ಹೀಗಿದೆ: ಚಿತ್ರಕಥೆಯಲ್ಲಿ ಮಾತನ್ನು ಬದಲಾಯಿಸಬಹುದು, ಹೆಸರನ್ನೂ ಬದಲಾಯಿಸಬಹುದು, ಚಿತ್ರವು ಮಾತ್ರ ಬಂದಂತೆಯೇ ಉಳಿಯುತ್ತದೆ. ಈ ಮಿತಿಯನ್ನು ಅರಿತ ಮೇಲೆಯೇ ನಮ್ಮವರು ತಮ್ಮ ಚಿತ್ರಗಳನ್ನು ತಾವೇ ಬರೆಯಲು ತೊಡಗಿದರು. ಆ ತೊಡಗುವಿಕೆಯಲ್ಲಿ ಕನ್ನಡದ ಪಾಲು ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಹಿರಿದು.

೨

ಮೊದಲು ಮೂಲದ ವಿಚಾರ. ಅಮೆರಿಕದ ಪತ್ರಿಕೆಗಳಲ್ಲಿ ಚಿತ್ರಕಥೆಗಳನ್ನು ಮುದ್ರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೆಳೆದುಬಂದಿತು. ಇವುಗಳನ್ನು ಒಂದೆಡೆ ಸಿದ್ಧಪಡಿಸಿ ನೂರಾರು ಪತ್ರಿಕೆಗಳಿಗೆ ಮಾರುವ ಸಂಸ್ಥೆಗಳೂ ಹುಟ್ಟಿಕೊಂಡವು. ಅವುಗಳಲ್ಲಿ ಹೆಸರಾದ ಕಿಂಗ್ ಫೀಚರ್ಸ್ ಸಂಸ್ಥೆಗಾಗಿ ಲೀ ಫಾಕ್ ಎಂಬ ಲೇಖಕನು ೧೯೩೪ರಲ್ಲಿ ಮಾಂತ್ರಿಕ ಮ್ಯಾಂಡ್ರೇಕನನ್ನೂ ೧೯೩೬ರ ಫೆಬ್ರವರಿಯಲ್ಲಿ ಫ್ಯಾಂಟಮನನ್ನೂ ಸೃಷ್ಟಿಸಿದನು. ಫ್ಯಾಂಟಮನ ಮೊದಲ ಚಿತ್ರಕಾರ ರೇ ಮೂರ್. ಎರಡು ವರ್ಷಗಳ ತರುವಾಯ, ೧೯೩೮ರಲ್ಲಿ, 'ಆ್ಯಕ್ಷನ್ ಕಾಮಿಕ್ಸ್' ಎಂಬ ಪುಸ್ತಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡನು. ಇಲ್ಲಿಂದ ಮುಂದೆ ಅತಿಮಾನುಷ ಶಕ್ತಿಯುಳ್ಳ ವೀರರ ಸಾಲೇ ಹೊರಟಿತು.

ಫ್ಯಾಂಟಮನಿಗೆ ಅಂಥ ಶಕ್ತಿಯಿಲ್ಲ; ಆತ ಗುಂಡು ತಗುಲಿದರೆ ಸಾಯುವ ಮನುಷ್ಯ. ಆದರೂ ಮೈಗಂಟಿದ ಉಡುಪು, ಕಣ್ಣಾಲಿ ಕಾಣದಂತೆ ಮುಚ್ಚಿದ ಮುಖವಾಡ, ಗುಟ್ಟಾಗಿ ಉಳಿದ ನಿಜನಾಮ, ದುಷ್ಟರನ್ನು ಅಡಗಿಸುವೆನೆಂಬ ಪ್ರತಿಜ್ಞೆ, ಮುಂದಿನ ವೀರರ ಈ ಲಕ್ಷಣಗಳೆಲ್ಲ ಅವನಲ್ಲಿ ಆಗಲೇ ಕೂಡಿಬಂದಿದ್ದುವು. ಆದಕಾರಣ ಚಿತ್ರಕಥೆಯ ಇತಿಹಾಸಕಾರರು ಅವನನ್ನು ಅತಿಮಾನುಷ ವೀರರ ಪೂರ್ವಜನೆಂದು ಗಣಿಸುತ್ತಾರೆ. ಕಥೆಯ ಪ್ರಕಾರ ೧೫೩೬ರಲ್ಲಿ ಕಡಲ್ಗಳ್ಳರಿಂದ ತಂದೆಯನ್ನು ಕಳೆದುಕೊಂಡ ಬಿಳಿಯ ತರುಣನೊಬ್ಬನು ಪ್ರತಿಜ್ಞೆ ಕೈಗೊಂಡು ಕಾಡಿನಲ್ಲಿ ನೆಲಸಿದನು. ಅವನ ವಂಶದಲ್ಲಿ ತಂದೆಯ ತರುವಾಯ ಮಗನು ಅದೇ ಉಡುಪನ್ನು ಧರಿಸುತ್ತ ಬಂದುದರಿಂದ, ಕಾಡಿನ ಜನರು ಆತ ಸಾವಿಲ್ಲದವನೆಂದು ನಂಬಿದರು. ನಾವು ಓದುವ ಫ್ಯಾಂಟಮ್ ಆ ಸಾಲಿನಲ್ಲಿ ೨೧ನೆಯವನು.

೩

ಇಂಥ ಕಥೆಗಳು ಹೊರನಾಡುಗಳಿಗೆ ಹೋದಾಗ ಆಯಾ ನಾಡು ಅವನ್ನು ಹೇಗೆ ಬರಮಾಡಿಕೊಂಡಿತೆಂಬುದನ್ನು ನೋಡಿದರೆ ನಮ್ಮ ನಾಡಿನ ಸ್ಥಿತಿ ಸ್ಪಷ್ಟವಾಗುತ್ತದೆ. ಇಟಲಿಯ ಫ್ಯಾಸಿಸ್ಟ್ ಸರ್ಕಾರವು ೧೯೩೮ರಲ್ಲಿ ಅಮೆರಿಕದ ಚಿತ್ರಕಥೆಗಳನ್ನು ಬಹುಮಟ್ಟಿಗೆ ನಿಷೇಧಿಸಿತು. ಯುದ್ಧ ಮುಗಿದ ಬಳಿಕ, ೧೯೫೪ರಲ್ಲಿ, ಸೂಪರ್‌ಮ್ಯಾನನು ಅಲ್ಲಿ 'ನೆಂಬೊ ಕಿಡ್' ಎಂಬ ಹೊಸ ಹೆಸರಿನಲ್ಲಿ ಪ್ರಕಟವಾದನು. ಎದೆಯ ಮೇಲಿನ ಅಕ್ಷರಮುದ್ರೆಯನ್ನೂ ಅಲ್ಲಿಯ ಪ್ರಕಾಶಕರು ಅಳಿಸಿದರು. ಫ್ರಾನ್ಸ್ ದೇಶವು ೧೯೪೯ರಲ್ಲಿ ಬಾಲಪತ್ರಿಕೆಗಳನ್ನು ಕುರಿತು ಶಾಸನವೊಂದನ್ನು ಮಾಡಿ, ಮಕ್ಕಳ ಮನಸ್ಸನ್ನು ಕೆಡಿಸತಕ್ಕವೆಂದು ತೋರಿದ ಪ್ರಕಟಣೆಗಳ ಮೇಲೆ ಸಮಿತಿಯೊಂದರ ಕಣ್ಣನ್ನಿರಿಸಿತು. ಸ್ವೀಡನ್ನಿನಲ್ಲಿ ನಡೆದುದು ಬೇರೊಂದು ಬಗೆ. ಅಲ್ಲಿ ೧೯೫೦ರಲ್ಲಿ ಫ್ಯಾಂಟಮನಿಗಾಗಿಯೇ ಒಂದು ಪತ್ರಿಕೆ ಹೊರಟಿತು. ಮುಂದಿನ ದಶಕದಿಂದ ಸ್ವೀಡನ್ನಿನವರು ಅನುಮತಿ ಪಡೆದು ಫ್ಯಾಂಟಮನ ಹೊಸ ಕಥೆಗಳನ್ನು ತಾವೇ ರಚಿಸತೊಡಗಿದರು. ಅವನ ಉಡುಪಿನ ಬಣ್ಣವೂ ದೇಶದಿಂದ ದೇಶಕ್ಕೆ ಬೇರೆಯಾಯಿತು: ಅಮೆರಿಕದಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು.

ಹೀಗೆ ಯೂರೋಪಿನಲ್ಲಿ ಮೂರು ಮಾರ್ಗಗಳು ಕಾಣುತ್ತವೆ: ತಡೆಯುವುದು, ವೇಷ ಬದಲಿಸಿ ಒಳಗೆ ಬಿಡುವುದು, ತನ್ನದಾಗಿಸಿಕೊಂಡು ಮುಂದುವರಿಸುವುದು. ನಮ್ಮಲ್ಲಿ ಮೊದಲನೆಯದು ನಡೆಯಲಿಲ್ಲ. ಎರಡನೆಯದು ನಡೆಯಿತು. ಮೂರನೆಯದರ ಸ್ಥಾನದಲ್ಲಿ ಇನ್ನೊಂದು ಘಟಿಸಿತು. ಅದನ್ನು ಮುಂದೆ ಹೇಳುತ್ತೇವೆ.

೪

ಭಾರತದ ಇಂಗ್ಲಿಷ್ ಓದುಗರಿಗೆ ಫ್ಯಾಂಟಮನ ಪರಿಚಯ ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ' ಪತ್ರಿಕೆಯ ಮೂಲಕ ೧೯೪೦ರ ದಶಕದಲ್ಲೇ ಆಗಿದ್ದಿತು. ದೇಶಭಾಷೆಗಳಿಗೆ ಅವನು ವಿಪುಲವಾಗಿ ಬಂದುದು ೧೯೬೪ರ ಮಾರ್ಚಿಯಿಂದ. ಆಗ ಟೈಮ್ಸ್ ಆಫ್ ಇಂಡಿಯಾ ಪ್ರಕಾಶನದ ಬೆನೆಟ್ ಕೋಲ್‌ಮನ್ ಸಂಸ್ಥೆ 'ಇಂದ್ರಜಾಲ ಕಾಮಿಕ್ಸ್' ಎಂಬ ಮಾಲೆಯನ್ನು ಪ್ರಾರಂಭಿಸಿತು. ಮೊದಲ ೩೨ ಸಂಚಿಕೆಗಳೆಲ್ಲ ಫ್ಯಾಂಟಮನ ಕಥೆಗಳೇ. ಬಳಿಕ ಮ್ಯಾಂಡ್ರೇಕ್, ಫ್ಲ್ಯಾಷ್ ಗಾರ್ಡನ್, ರಿಪ್ ಕರ್ಬಿ ಮೊದಲಾದವರು ಸರದಿಯಂತೆ ಬಂದರು. ಇಂಗ್ಲಿಷ್, ಹಿಂದಿ, ಮರಾಠಿಗಳಿಂದ ಹೊರಟ ಮಾಲೆ ಕ್ರಮೇಣ ಇತರ ಭಾಷೆಗಳಿಗೆ ಹಬ್ಬಿ, ಕನ್ನಡಕ್ಕೂ ಬಂದಿತು. ೧೯೭೬ರಲ್ಲಿ ಆಬಿದ್ ಸೂರತಿಯವರು ಸೃಷ್ಟಿಸಿದ 'ಬಹಾದೂರ್' ಎಂಬ ಭಾರತೀಯ ನಾಯಕನೂ ಈ ಸಾಲಿಗೆ ಸೇರಿದನು. ಮಾಸಿಕವಾಗಿದ್ದ ಪುಸ್ತಿಕೆ ಪಾಕ್ಷಿಕವಾಗಿ, ಕಡೆಗೆ ವಾರಕ್ಕೊಮ್ಮೆ ಬರತೊಡಗಿ, ೧೯೯೦ರಲ್ಲಿ ನಿಂತಿತು. ಇದಲ್ಲದೆ ೧೯೬೫ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆಯ ಪುಟಗಳಲ್ಲಿಯೂ ಕನ್ನಡದ ವಾಚಕರು ಫ್ಯಾಂಟಮನನ್ನು ವಾರವಾರವೂ ಎದುರುನೋಡಿದರು.

ಕಾಲವೂ ಇದಕ್ಕೆ ಅನುಕೂಲವಾಗಿದ್ದಿತು. ೧೯೫೬ರ ಏಕೀಕರಣದಿಂದ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡಿಗರು ಒಂದು ರಾಜ್ಯದವರಾದರು. ಶಾಲೆಗಳು ಹೆಚ್ಚಿದುವು, ಓದಬಲ್ಲ ಮಕ್ಕಳ ಸಂಖ್ಯೆಯೂ ಬೆಳೆಯಿತು. 'ಚಂದಮಾಮ'ದಂಥ ಪತ್ರಿಕೆ ಚಿತ್ರಸಹಿತವಾದ ಕಥೆಗೆ ಮಕ್ಕಳನ್ನು ಆಗಲೇ ಒಗ್ಗಿಸಿತ್ತು. ಬೇತಾಳನನ್ನು ಹೆಗಲಿಗೇರಿಸಿಕೊಂಡು ನಡೆಯುವ ವಿಕ್ರಮನನ್ನು ನೋಡಿ ಬೆಳೆದ ಹುಡುಗನಿಗೆ ತಲೆಬುರುಡೆಯ ಸಿಂಹಾಸನವೇರಿ ಕುಳಿತ ವೀರನು ತೀರ ಅಪರಿಚಿತನೆನಿಸಲಿಲ್ಲ.

ಆದರೆ ಮೂಲಕಥೆಯಲ್ಲಿ ಭಾರತದ ಓದುಗನಿಗೆ ಮುಜುಗರವನ್ನುಂಟುಮಾಡುವ ಅಂಶಗಳಿದ್ದುವು. ಲೀ ಫಾಕನು ತನ್ನ ಕಾಡನ್ನು ಏಷ್ಯದ್ದೋ ಆಫ್ರಿಕದ್ದೋ ಎಂದು ಆರಂಭದಲ್ಲಿ ಖಚಿತಪಡಿಸಿರಲಿಲ್ಲ. ಆ ನಾಡಿಗೆ ಬಂಗಾಳವನ್ನು ನೆನಪಿಗೆ ತರುವ ಹೆಸರನ್ನಿಟ್ಟಿದ್ದನು. ಕಡಲ್ಗಳ್ಳರ ಪಂಗಡಕ್ಕೆ 'ಸಿಂಗ್' ಎಂದೂ, ಮೊದಲ ಫ್ಯಾಂಟಮನ ತಂದೆಯನ್ನು ಕೊಂದ ಪಾತಕಿಗೆ 'ರಾಮ' ಎಂದೂ ಕರೆದಿದ್ದನು. ನಮ್ಮ ದೇಶದಲ್ಲಿ ಇವು ಹಾಗೆಯೇ ಅಚ್ಚಾಗುವಂತಿರಲಿಲ್ಲ. ಇಂದ್ರಜಾಲದ ಸಂಪಾದಕರು ನಾಡನ್ನು 'ಡೆಂಕಾಲಿ' ಎಂದೂ, ಸಿಂಗ್ ಕಳ್ಳರನ್ನು 'ಸಿಂಗಾ' ಕಳ್ಳರೆಂದೂ, ರಾಮನನ್ನು 'ರಾಮಲು' ಎಂದೂ ಮಾರ್ಪಡಿಸಿದರು. ಒಂದೆರಡು ಅಕ್ಷರಗಳ ಈ ವ್ಯತ್ಯಾಸದಲ್ಲಿ ಒಂದು ನಾಡಿನ ಸ್ವಾಭಿಮಾನ ಅಡಗಿರುವುದನ್ನು ಗಮನಿಸಬೇಕು. ಫ್ಯಾಂಟಮನ ಆಪ್ತರಾದ ಕುಳ್ಳ ಜನಾಂಗದ ಹೆಸರು ಮೂಲದಲ್ಲಿ 'ಬಂದರ್'. ಹಿಂದಿಯವರಿಗೆ ಅದು ಕೋತಿಯೆಂದು ಕೇಳಿಸಿದರೆ, ಕನ್ನಡಿಗನಿಗೆ ಕಾರವಾರ ಮಂಗಳೂರುಗಳ ಬಂದರನ್ನು ನೆನಪಿಗೆ ತರುತ್ತದೆ. ಮೂಲಲೇಖಕನು ಊಹಿಸಿಯೂ ಇರದ ಅರ್ಥಗಳು ಹೀಗೆ ಭಾಷೆಯಿಂದ ಭಾಷೆಗೆ ಹುಟ್ಟಿಕೊಳ್ಳುತ್ತವೆ.

ನಾಯಕನ ಹೆಸರಿನಲ್ಲಿಯೂ ಭಾಷೆಗಳು ಬೇರೆ ಬೇರೆ ದಾರಿ ಹಿಡಿದುವು. ಹಿಂದಿಯಲ್ಲಿ ಅವನು 'ವೇತಾಳ'ನಾದನು. ಬಂಗಾಳಿ ಪತ್ರಿಕೆಯಲ್ಲಿ 'ಅರಣ್ಯದೇವ'ನಾದನು. ಕನ್ನಡಿಗರ ನಾಲಗೆಯಲ್ಲಿ 'ಫ್ಯಾಂಟಮ್' ಎಂಬ ಹೆಸರೇ ನೆಲೆಗೊಂಡಿತು. ಇದು ಸೋಮಾರಿತನದ ಫಲವೆಂದು ತಳ್ಳಿಹಾಕಲಾಗದು. 'ನಡೆದಾಡುವ ಭೂತ' ಎಂಬ ಅವನ ಬಿರುದನ್ನು ಕನ್ನಡದಲ್ಲಿ ಹೇಳಿದೊಡನೆ ಕರಾವಳಿ ಮತ್ತು ಮಲೆನಾಡಿನ ಓದುಗನಿಗೆ ಬೇರೊಂದು ಲೋಕವೇ ತೆರೆಯುತ್ತದೆ. ಇಲ್ಲಿ ಭೂತವೆಂದರೆ ಹೆದರಿಸುವ ಪಿಶಾಚಿ ಮಾತ್ರವಲ್ಲ; ಸೀಮೆಯನ್ನು ಕಾಯುವ, ಹರಕೆ ಪಡೆಯುವ, ಅನ್ಯಾಯವನ್ನು ವಿಚಾರಿಸುವ ಶಕ್ತಿ. ಕಾಡನ್ನು ಕಾಯುವ ಫ್ಯಾಂಟಮನಿಗೆ ಈ ಅರ್ಥ ಮೂಲದ ಇಂಗ್ಲಿಷಿಗಿಂತ ಚೆನ್ನಾಗಿ ಒಪ್ಪುತ್ತದೆ. ಆದರೆ ದೈವದ ಹೆಸರನ್ನು ಮುಖವಾಡದ ಬಿಳಿಯನಿಗೆ ಪೂರ್ತಿಯಾಗಿ ಕೊಟ್ಟುಬಿಡಲು ಆ ನಂಟೇ ಅಡ್ಡಿಯೂ ಆಗಬಲ್ಲದು. ಅನ್ಯನಾಮವನ್ನು ಉಳಿಸಿಕೊಳ್ಳುವುದರಲ್ಲಿ ಒಂದು ವಿವೇಕವೂ ಇದ್ದೀತು.

೫

ಚಿತ್ರಕಥೆಯ ಅನುವಾದಕನ ಕೆಲಸ ಹಗುರವೆಂದು ತಿಳಿಯುವವರು ಅದರ ತಾಂತ್ರಿಕ ಬಂಧನಗಳನ್ನು ನೋಡಬೇಕು. ಕಾದಂಬರಿಯ ಅನುವಾದಕನಿಗೆ ಪುಟದ ಮಿತಿಯಿಲ್ಲ. ಹತ್ತು ಸಾಲು ಹನ್ನೆರಡಾದರೆ ಯಾರೂ ಕೇಳುವುದಿಲ್ಲ. ಚಿತ್ರಕಥೆಯಲ್ಲಿ ಮಾತು ಪಾತ್ರದ ಬಾಯಿಂದ ಹೊರಡುವ ಗುಳ್ಳೆಯೊಂದರೊಳಗೆ ಹಿಡಿಯಬೇಕು, ಆ ಗುಳ್ಳೆಯ ಅಳತೆಯನ್ನು ಇಂಗ್ಲಿಷಿಗೆ ಹೊಂದುವಂತೆ ಮೊದಲೇ ಬರೆದಿಟ್ಟಿರುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದವು. ಸಾಲಿನ ಮೇಲೆ ಸಾಲನ್ನು ಒತ್ತಾಗಿ ಜೋಡಿಸಬಹುದು. ಕನ್ನಡ ಅಕ್ಷರಕ್ಕೆ ಮೇಲೆ ಗುಣಿತದ ಕೊಂಬುಂಟು, ಕೆಳಗೆ ಒತ್ತಕ್ಷರದ ಜೋಲುಂಟು. ಇಂಗ್ಲಿಷಿನ ಐದು ಸಾಲು ಹಿಡಿಯುವ ಜಾಗದಲ್ಲಿ ಕನ್ನಡದ ಐದು ಸಾಲು ಸ್ಪಷ್ಟವಾಗಿ ಹಿಡಿಯುವುದು ಕಷ್ಟ.

ಈ ಇಕ್ಕಟ್ಟಿನಲ್ಲಿ ಕನ್ನಡದ ವ್ಯಾಕರಣವೇ ನೆರವಿಗೆ ಬರುತ್ತದೆ. ನಮ್ಮ ಕ್ರಿಯಾಪದದ ಕೊನೆಯಲ್ಲಿ ಪುರುಷ, ಲಿಂಗ, ವಚನಗಳು ಅಡಗಿರುವುದರಿಂದ ಕರ್ತೃಪದವನ್ನು ಬಿಡಬಹುದು. 'ಬಂದೆ', 'ಓಡಿದಳು', 'ಬಿಡಲಾರೆ' ಎಂಬ ಒಂದೊಂದು ಪದವೂ ಇಂಗ್ಲಿಷಿನಲ್ಲಿ ಎರಡು ಮೂರು ಪದಗಳ ವಾಕ್ಯವಾಗುತ್ತದೆ. ನುರಿತ ಅನುವಾದಕನು ಮೇಲ್ಗಡೆ ಕಳೆದುಕೊಂಡ ಜಾಗವನ್ನು ಇಲ್ಲಿ ಗಳಿಸಿಕೊಳ್ಳುತ್ತಾನೆ.

ಎರಡನೆಯ ತೊಡಕು ಸಂಬೋಧನೆಯದು. ಇಂಗ್ಲಿಷಿನಲ್ಲಿ ಎದುರಿನವರಿಗೆಲ್ಲ ಒಂದೇ ಸರ್ವನಾಮ. ಕನ್ನಡದಲ್ಲಿ 'ನೀನು', 'ನೀವು' ಎಂಬುದರಲ್ಲಿ ಅನುವಾದಕನು ಒಂದನ್ನು ಆರಿಸಲೇಬೇಕು. ಆರಿಸಿದೊಡನೆ ಪಾತ್ರಗಳ ನಡುವಣ ಅಂತಸ್ತು ನಿಶ್ಚಯವಾಗುತ್ತದೆ. ಫ್ಯಾಂಟಮನು ತನ್ನ ಬಾಲ್ಯಸ್ನೇಹಿತನೂ ಬಂದರ್ ಜನರ ಮುಖಂಡನೂ ಆದ ಗುರಾನನಿಗೆ 'ನೀನು' ಎನ್ನಬೇಕೆ? ಗುರಾನನು ಮರಳಿ ಏನೆನ್ನಬೇಕು? 'ನೀನು' ಎಂದರೆ ಅವರು ಗೆಳೆಯರು. 'ನೀವು' ಎಂದರೆ ಒಡೆಯ ಮತ್ತು ಆಳು. ಮೂಲದಲ್ಲಿ ಮಸುಕಾಗಿದ್ದ ಸಂಬಂಧವನ್ನು ಕನ್ನಡವು ಬೆಳಕಿಗೆಳೆಯುತ್ತದೆ. ಪ್ರಿಯತಮೆ ಡಯಾನಳಿಗೆ ಏನೆನ್ನಬೇಕೆಂಬುದೂ ಇಂಥದೇ ಪ್ರಶ್ನೆ. ಯಾವ ಸರ್ವನಾಮವನ್ನು ಎಲ್ಲಿ ಬಳಸಲಾಗಿದೆಯೆಂಬುದನ್ನು ಸಂಚಿಕೆಯಿಂದ ಸಂಚಿಕೆಗೆ ಹುಡುಕಿ ಪಟ್ಟಿಮಾಡಿದರೆ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನಿಗೆ ಒಳ್ಳೆಯ ಪ್ರಬಂಧವಾದೀತು.

ಮೂರನೆಯದು ಧ್ವನಿಗಳದು. ಗುಂಡು ಹಾರಿದ, ಬಾಗಿಲು ಮುರಿದ, ಗುದ್ದು ಬಿದ್ದ ಸದ್ದುಗಳು ಚಿತ್ರದೊಳಗೇ ದೊಡ್ಡಕ್ಷರಗಳಲ್ಲಿ ಬರುತ್ತವೆ. ಈ ಕ್ಷೇತ್ರದಲ್ಲಿ ಕನ್ನಡಕ್ಕೆ ಬಡತನವಿಲ್ಲ. 'ಧಡಾರ್', 'ಢಂ', 'ಛಟೀರ್', 'ಧೊಪ್ಪನೆ', 'ಸರಸರ' ಮೊದಲಾದ ಅನುಕರಣಾವ್ಯಯಗಳನ್ನು ನಮ್ಮ ವ್ಯಾಕರಣಗಳು ಪ್ರತ್ಯೇಕವಾಗಿ ಗುರುತಿಸಿವೆ. ಆದರೆ ಧ್ವನಿಯ ಅಕ್ಷರಗಳು ಚಿತ್ರದ ರೇಖೆಗಳೊಡನೆ ಹೆಣೆದುಕೊಂಡಿರುವಲ್ಲಿ ಅವನ್ನು ಅಳಿಸಿ ಬರೆಯಬೇಕಾದರೆ ಚಿತ್ರವನ್ನೇ ತಿದ್ದಬೇಕು. ಅನುವಾದಕನ ಭಾಷಾಸಂಪತ್ತು ಎಷ್ಟಿದ್ದರೂ ಇಲ್ಲಿ ಚಿತ್ರಕಾರನ ಕೈ ಬೇಕಾಗುತ್ತದೆ.

ಕೊನೆಯದಾಗಿ, ಯಾವ ಕನ್ನಡವೆಂಬ ಪ್ರಶ್ನೆ. ಬೀದರಿನಿಂದ ಚಾಮರಾಜನಗರದವರೆಗೆ ಮಾರಾಟವಾಗಬೇಕಾದ ಪುಸ್ತಿಕೆ ಧಾರವಾಡದ ಮಾತನ್ನಾಗಲಿ, ಮಲೆನಾಡಿನ ಮಾತನ್ನಾಗಲಿ ಆಶ್ರಯಿಸುವುದು ಕಷ್ಟ. ಶಾಲೆಯ ಪುಸ್ತಕಕ್ಕೆ ಸಮೀಪವಾದ ಶಿಷ್ಟಕನ್ನಡವೇ ಎಲ್ಲರಿಗೂ ಸಲ್ಲುವಂಥದು. ಕಳ್ಳನೂ ಕಾಡಿನ ಮುಖಂಡನೂ ನಗರದ ತರುಣಿಯೂ ಒಂದೇ ಕನ್ನಡವನ್ನಾಡಿದರೆ ಪಾತ್ರಭೇದ ಮಸುಳುತ್ತದೆ ನಿಜ. ಆದರೆ ಏಕೀಕರಣದ ತರುವಾಯದ ಪೀಳಿಗೆಗೆ, ಮನೆಮಾತು ಯಾವುದೇ ಇರಲಿ, ಸಂತೋಷದಿಂದ ಓದುವ ಸಾಮಾನ್ಯ ಕನ್ನಡವೊಂದು ಇಂಥ ಪುಟಗಳಿಂದಲೂ ಒದಗಿತು. ಈ ಉಪಕಾರವನ್ನು ನಾವು ಮರೆಯಲಾಗದು.

೬

ಇಷ್ಟೆಲ್ಲ ಜಾಣ್ಮೆಯಿಂದ ಮಾತನ್ನು ತಂದರೂ ಚಿತ್ರ ಬದಲಾಗಲಿಲ್ಲ. ಇದಕ್ಕೆ ಮುದ್ರಣದ ಅರ್ಥಶಾಸ್ತ್ರವೇ ಒಂದು ಕಾರಣ. ಬಣ್ಣದ ಚಿತ್ರವನ್ನು ನೀಲಿ, ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಫಲಕಗಳಿಂದ ಅಚ್ಚುಮಾಡುತ್ತಾರೆ. ಹಲವು ಭಾಷೆಗಳಲ್ಲಿ ಒಂದೇ ಕಥೆಯನ್ನು ತರುವಾಗ ಮೂರು ಬಣ್ಣಗಳ ಫಲಕಗಳು ಎಲ್ಲ ಭಾಷೆಗೂ ಸಮಾನವಾಗಿ, ಅಕ್ಷರಗಳಿರುವ ಕಪ್ಪು ಫಲಕವೊಂದನ್ನು ಮಾತ್ರ ಬದಲಿಸಿದರೆ ಸಾಕಾಗುತ್ತದೆ. ಬಹುಭಾಷಾ ಚಿತ್ರಕಥೆ ಅಗ್ಗವಾಗಿ ದೊರೆಯುವುದು ಈ ಉಪಾಯದಿಂದಲೇ. ಅಗ್ಗವಾಗಬೇಕಾದರೆ ಚಿತ್ರ ಒಂದೇ ಆಗಿರಬೇಕು.

ಒಂದೇ ಚಿತ್ರವೆಂದರೆ ಒಂದೇ ದೃಷ್ಟಿ. ನಾಡಿನ ಹೆಸರು ಡೆಂಕಾಲಿಯಾದರೂ ಪುಟದಲ್ಲಿ ಕಾಣುವುದು ಬಿಳಿಯ ರಕ್ಷಕ ಮತ್ತು ಅವನ ಆಜ್ಞೆಗೆ ತಲೆಬಾಗುವ ಕಪ್ಪುಜನ. ವಸಾಹತುಗಳು ಸ್ವತಂತ್ರವಾಗುತ್ತಿದ್ದ ದಶಕಗಳಲ್ಲಿ, ಸ್ವತಃ ಆ ಅನುಭವವನ್ನುಂಡ ದೇಶದ ಮಕ್ಕಳು, ಕಾಡಿನ ಜನಕ್ಕೆ ನ್ಯಾಯವೂ ರಕ್ಷಣೆಯೂ ಹೊರಗಿನಿಂದ ಬಂದ ಬಿಳಿಯನಿಂದಲೇ ದೊರೆಯುವುದೆಂಬ ಕಥೆಯನ್ನು ಪ್ರೀತಿಯಿಂದ ಓದಿದರು. ಫ್ಯಾಂಟಮನ ಸತ್ಯನಿಷ್ಠೆ, ಸರಳತೆಗಳು ಆ ಮಕ್ಕಳಿಗೆ ಹಿಡಿಸಿದುವೆಂಬುದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರನ್ನು ಬದಲಿಸಿದ ಮಾತ್ರಕ್ಕೆ ಕಥೆ ನಮ್ಮದಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಇಲ್ಲಿ ರಂಗಭೂಮಿಯೊಡನೆ ಒಂದು ಹೋಲಿಕೆ ಉಪಯುಕ್ತ. ಎಂ. ಎಲ್. ಶ್ರೀಕಂಠೇಶಗೌಡರು ೧೮೯೫ರಲ್ಲಿ 'ಮ್ಯಾಕ್‌ಬೆತ್'ಅನ್ನು 'ಪ್ರತಾಪರುದ್ರದೇವ'ವಾಗಿಸಿದರು. ಕುವೆಂಪು ಅವರು 'ಹ್ಯಾಮ್ಲೆಟ್'ಅನ್ನು 'ರಕ್ತಾಕ್ಷಿ'ಯಾಗಿ ರೂಪಾಂತರಿಸುವಾಗ ಅದನ್ನು ನಮ್ಮ ಜಿಲ್ಲೆಯ ಬಿದನೂರಿನ ಇತಿಹಾಸದಲ್ಲಿ ನೆಟ್ಟರು. ನಾಟಕದ ದೃಶ್ಯ ಓದುಗನ ಕಲ್ಪನೆಯಲ್ಲಿಯೂ ನಟನ ವೇಷದಲ್ಲಿಯೂ ಇರುವುದರಿಂದ ಡೆನ್ಮಾರ್ಕಿನ ಅರಮನೆ ಮಲೆನಾಡಿನ ಅರಮನೆಯಾಗಲು ಕವಿಯ ಲೇಖನಿಯೊಂದು ಸಾಕಾಯಿತು. ಚಿತ್ರಕಥೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ರೂಪಾಂತರವೆಂದರೆ ಪುಟವನ್ನು ಮತ್ತೆ ಬರೆಯುವುದೇ ಸರಿ.

೭

ಪುಟವನ್ನು ಮತ್ತೆ ಬರೆಯುವ ಕಾರ್ಯ ನಮ್ಮ ದೇಶದಲ್ಲಿ 'ಅಮರ ಚಿತ್ರಕಥೆ'ಯ ಮೂಲಕ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅದರ ಸಂಪಾದಕರಾದ ಅನಂತ ಪೈ ಅವರು ೧೯೨೯ರಲ್ಲಿ ಕಾರ್ಕಳದಲ್ಲಿ ಜನಿಸಿದವರು. ಟೈಮ್ಸ್ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ಇಂದ್ರಜಾಲ ಮಾಲೆಯ ಕೆಲಸದಲ್ಲಿ ಪಳಗಿದವರು. ೧೯೬೭ರಲ್ಲಿ ದೆಹಲಿಯ ಅಂಗಡಿಯೊಂದರ ದೂರದರ್ಶನ ಪೆಟ್ಟಿಗೆಯಲ್ಲಿ ರಸಪ್ರಶ್ನೆಯೊಂದನ್ನು ಅವರು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ವಿದ್ಯಾರ್ಥಿಗಳು ಶ್ರೀರಾಮನ ತಾಯಿ ಯಾರೆಂದು ಹೇಳಲಾರದೆ ಹೋದರು. ಇದರಿಂದ ನೊಂದು ಅವರು ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಮೂಲಕ ಈ ಮಾಲೆಯನ್ನು ಕೈಗೊಂಡರೆಂಬ ವೃತ್ತಾಂತ ಎಲ್ಲರಿಗೂ ಪರಿಚಿತವಾಗಿದೆ.

ಇದಕ್ಕೆ ಹಿಂದಿನ ಒಂದು ಅಧ್ಯಾಯ ಬೆಂಗಳೂರಿನದು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ನಿರೂಪಿಸಿರುವಂತೆ, ೧೯೬೫ರ ಸುಮಾರಿಗೆ ಅಮೆರಿಕದ ಚಿತ್ರಕಥೆಗಳನ್ನು ಕನ್ನಡದಲ್ಲಿ ತರಬೇಕೆಂಬ ಸಲಹೆಯನ್ನು ಅವರು ಸಂಸ್ಥೆಯ ಮುಂದಿಟ್ಟರು. ಆಲ್ಬರ್ಟ್ ಕಾಂಟರ್ ಎಂಬಾತನು ೧೯೪೧ರಲ್ಲಿ ಅಮೆರಿಕದಲ್ಲಿ ಪ್ರಾರಂಭಿಸಿದ, ಪ್ರಸಿದ್ಧ ಸಾಹಿತ್ಯಕೃತಿಗಳನ್ನು ಚಿತ್ರಕಥೆಯಾಗಿಸುವ ಮಾಲೆಯೊಂದಿದ್ದಿತು. ಅದಕ್ಕೆ ೧೯೫೩ರಲ್ಲಿ ಕಿರಿಯ ಮಕ್ಕಳಿಗಾಗಿ ಯಕ್ಷಿಣೀಕಥೆಗಳ ಶಾಖೆಯೂ ಸೇರಿತು. ಈ ಮೂಲದಿಂದ ಸಿಂಡ್ರೆಲ್ಲಾ, ಹಿಮಬಿಳುಪಿನ ರಾಜಕುಮಾರಿ ಮೊದಲಾದ ಹತ್ತು ಕಥೆಗಳು ಕನ್ನಡಕ್ಕೆ ಬಂದುವು. ಅವಕ್ಕೆ ಇಟ್ಟ ಹೆಸರು 'ಅಮರ ಚಿತ್ರಕಥೆ'. ಅವುಗಳ ಮಾರಾಟ ಯಶಸ್ವಿಯಾದುದನ್ನು ಕಂಡು ಮುಂಬಯಿಯ ಮುಖ್ಯ ಕಚೇರಿ ಆ ಕಲ್ಪನೆಯನ್ನು ಉತ್ಸಾಹದಿಂದ ಮುಂದುವರಿಸಿತೆಂದು ಅನಂತರಾಮ್ ತಿಳಿಸಿದ್ದಾರೆ.

ಈ ಮಾತಿಗೆ ಮಾಲೆಯ ಅಂಕಿಯೇ ಸಾಕ್ಷಿ ನುಡಿಯುತ್ತದೆ. ರಾಮ್ ವಾಯಿರ್‌ಕರ್ ಅವರ ಚಿತ್ರಗಳಿಂದ ಕೂಡಿದ 'ಕೃಷ್ಣ' ಭಾರತೀಯ ಕಥೆಗಳ ಪೈಕಿ ಮೊದಲನೆಯದಾದರೂ ಅದರ ಕ್ರಮಸಂಖ್ಯೆ ೧೧. ಮೊದಲ ಹತ್ತು ಸ್ಥಾನಗಳನ್ನು ಪಾಶ್ಚಾತ್ಯ ಯಕ್ಷಿಣೀಕಥೆಗಳು ಆಕ್ರಮಿಸಿದ್ದುವು. ನಾನೂರಕ್ಕೂ ಹೆಚ್ಚು ಪುಸ್ತಿಕೆಗಳಾಗಿ, ಇಪ್ಪತ್ತರಷ್ಟು ಭಾಷೆಗಳಿಗೆ ಹಬ್ಬಿದ ಒಂದು ಮಹಾಮಾಲೆಯ ಬುಡದಲ್ಲಿ ಹತ್ತು ಕನ್ನಡ ಅನುವಾದಗಳಿವೆಯೆಂಬುದು ನಮ್ಮ ಸಾಹಿತ್ಯಚರಿತ್ರೆಕಾರರು ಬರೆದಿಡಬೇಕಾದ ಸಂಗತಿ. ಇದರಿಂದ ಅನಂತ ಪೈ ಅವರ ಹಿರಿಮೆಗೆ ಕುಂದಿಲ್ಲ. ಭಾರತೀಯ ಚಿತ್ರಗಳಿಂದ ಭಾರತೀಯ ಕಥೆ ಹೇಳುವ ಕಲೆಯನ್ನು ನಾಲ್ಕು ದಶಕಗಳ ಕಾಲ ಪೋಷಿಸಿದವರು ಅವರೇ. ಆದರೆ ಕನ್ನಡದ ಮಕ್ಕಳು ಕನ್ನಡದಲ್ಲಿ ಚಿತ್ರಕಥೆಯನ್ನು ಕಾಸು ಕೊಟ್ಟು ಕೊಳ್ಳುವರೆಂಬ ವಿಶ್ವಾಸ ಹುಟ್ಟಿದುದು ಅನುವಾದದಿಂದ.

ಈಗ ನಾವು ಮೇಲೆ ಬಿಟ್ಟ ಮಾತಿಗೆ ಬರಬಹುದು. ಸ್ವೀಡನ್ನಿನವರು ಫ್ಯಾಂಟಮನನ್ನು ಉಳಿಸಿಕೊಂಡು ಅವನ ಹೊಸ ಸಾಹಸಗಳನ್ನು ಬರೆದರು. ನಮ್ಮವರು ಫ್ಯಾಂಟಮನನ್ನು ಓದುತ್ತಲೇ ಇದ್ದು, ಆ ಪುಟದ ಚೌಕಟ್ಟು, ಮಾತಿನ ಗುಳ್ಳೆ, ಕಥನದ ವೇಗಗ಼ಳನ್ನು ಕಲಿತು, ಅದರೊಳಗೆ ಕೃಷ್ಣನನ್ನೂ ಕರ್ಣನನ್ನೂ ಕೂರಿಸಿದರು. ಅನ್ಯರಿಂದ ಪಾತ್ರೆಯನ್ನು ಪಡೆದು ಪಾಕವನ್ನು ತಾವೇ ಮಾಡಿದರು.

೮

ಮುಂದಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ೧೯೮೦ರ ದಶಕದಲ್ಲಿ ಮಲಯಾಳದ 'ಬಾಲಮಂಗಳಂ' ಪತ್ರಿಕೆಯಲ್ಲಿ ಡಿಂಕನ್ ಎಂಬ ಇಲಿಯೊಂದು ಹುಟ್ಟಿತು. ಅನ್ಯಗ್ರಹದವರ ಪ್ರಯೋಗದಿಂದ ಅದಕ್ಕೆ ಅದ್ಭುತ ಶಕ್ತಿ ಬಂದಿತ್ತು. ಕನ್ನಡದ 'ಬಾಲಮಂಗಳ'ದಲ್ಲಿ ಅದು 'ಡಿಂಗ'ನಾಗಿ ಒಂದು ಪೀಳಿಗೆಯ ಮಕ್ಕಳಿಗೆ ಅಚ್ಚುಮೆಚ್ಚಾಯಿತು. ಅಮೆರಿಕದ ಅತಿಮಾನುಷ ವೀರನ ಅಚ್ಚು ಕೇರಳದ ಕಾಡಿನ ಇಲಿಯಾಗಿ, ಅಲ್ಲಿಂದ ಕನ್ನಡಕ್ಕೆ ಬಂದ ಈ ದಾರಿ ಕುತೂಹಲಕರವಾಗಿದೆ. ಇಲ್ಲಿ ಅನುವಾದ ನಡೆದುದು ನೆರೆಯ ಎರಡು ದ್ರಾವಿಡ ಭಾಷೆಗಳ ನಡುವೆ. ಇಂಗ್ಲಿಷಿನ ಮಧ್ಯಸ್ಥಿಕೆ ಬೇಕಾಗಲಿಲ್ಲ.

ಬೆಳ್ಳಿತೆರೆಯ ಕಥೆ ಬೇರೆ. ಮುದ್ರಿತ ವೀರರು ಕನ್ನಡದಲ್ಲಿ ಮಾತನಾಡತೊಡಗಿದ ಅದೇ ೧೯೬೦ರ ದಶಕದಲ್ಲಿ, ಪರಭಾಷಾ ಚಲನಚಿತ್ರಗಳಿಗೆ ಕನ್ನಡದ ದನಿ ಕೂಡಿಸುವುದರ ವಿರುದ್ಧ ನಮ್ಮಲ್ಲಿ ಚಳವಳಿ ನಡೆಯಿತು. ಪುಸ್ತಕದ ಅನುವಾದವು ಕನ್ನಡ ಬರೆಹಗಾರನಿಗೆ ಕೆಲಸ ಕೊಡುತ್ತದೆ. ಚಿತ್ರದ ಡಬ್ಬಿಂಗ್ ಕನ್ನಡದ ನಟ, ತಂತ್ರಜ್ಞರ ಕೆಲಸವನ್ನು ಕಸಿದೀತೆಂಬ ಭಯ ಆಗ ನಿರಾಧಾರವಾಗಿರಲಿಲ್ಲ. ಆ ತಡೆಯನ್ನು ಕುರಿತು ೨೦೧೫ರಲ್ಲಿ ಭಾರತದ ಸ್ಪರ್ಧಾ ಆಯೋಗ ಆದೇಶವಿತ್ತ ಬಳಿಕ ಸ್ಥಿತಿ ಬದಲಾಯಿತು. ೨೦೨೩ರಲ್ಲಿ ಸ್ಪೈಡರ್‌ಮ್ಯಾನನ ಅನಿಮೇಷನ್ ಚಿತ್ರವೊಂದು ಭಾರತದ ಇತರ ಭಾಷೆಗಳೊಡನೆ ಕನ್ನಡದಲ್ಲಿಯೂ ಬಿಡುಗಡೆಯಾಯಿತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನನೂ ಇದ್ದಾನೆ. ೨೦೦೪ರಲ್ಲಿ ನಮ್ಮ ದೇಶದವರು ಅಮೆರಿಕದ ಮೂಲವನ್ನು ಚಿತ್ರಸಹಿತವಾಗಿ ಮರುರೂಪಿಸಿ ಸೃಷ್ಟಿಸಿದ ಪಾತ್ರವದು. ಹೆಸರಿನೊಂದಿಗೆ ಚಿತ್ರವೂ ಬದಲಾಗಬೇಕೆಂಬ ತತ್ತ್ವ ಇಲ್ಲಿಯೂ ಸಿದ್ಧವಾಗುತ್ತದೆ.

೯

ಈ ಚರಿತ್ರೆಯನ್ನು ಪೂರ್ಣವಾಗಿ ಬರೆಯಲು ಬೇಕಾದ ಸಾಮಗ್ರಿ ನಮ್ಮ ಕಣ್ಣೆದುರಿಗೇ ಕರಗುತ್ತಿದೆ. ಕಾರಣವನ್ನು ಶಿವಮೊಗ್ಗ ಭದ್ರಾವತಿಗಳ ವಾಚಕರಿಗೆ ವಿವರಿಸುವುದು ಸುಲಭ. ೧೯೩೬ರಲ್ಲಿ ಸ್ಥಾಪಿತವಾಗಿ, ಮುಂದೆ ಸುದ್ದಿಪತ್ರಿಕೆಯ ಕಾಗದವನ್ನೂ ತಯಾರಿಸಿ, ಈಗ ಉತ್ಪಾದನೆ ನಿಲ್ಲಿಸಿರುವ ಭದ್ರಾವತಿಯ ಕಾಗದದ ಕಾರ್ಖಾನೆಯನ್ನು ಬಲ್ಲವರಿಗೆ ಕಾಗದದ ಗುಣಭೇದ ತಿಳಿಯದ ವಿಷಯವಲ್ಲ. ಅಗ್ಗದ ಕಾಗದದಲ್ಲಿ ಮರವನ್ನು ಅರೆದು ಮಾಡಿದ ತಿರುಳು ಹೆಚ್ಚಾಗಿರುತ್ತದೆ. ಮರದ ಅಂಟಾದ ಲಿಗ್ನಿನ್ ಅದರಲ್ಲಿ ಉಳಿದಿರುತ್ತದೆ. ಗಾಳಿ ಬೆಳಕುಗಳು ತಗುಲಿದಂತೆ ಅದು ಹಳದಿಯಾಗಿ, ಆಮ್ಲವೇರಿ, ಮಡಿಕೆಯಲ್ಲಿ ಮುರಿಯುತ್ತದೆ. ಮಲೆನಾಡಿನ ಮಳೆಗಾಲದ ತೇವವೂ ಗೆದ್ದಲೂ ಉಳಿದುದನ್ನು ಮುಗಿಸುತ್ತವೆ.

ಇದಕ್ಕಿಂತ ದೊಡ್ಡ ನಷ್ಟ ಅನುವಾದಕರ ಹೆಸರುಗಳದು. ಬಿಎಂಶ್ರೀಯವರ ಅನುವಾದವನ್ನು ಅವರ ಹೆಸರಿನಿಂದ ಓದುತ್ತೇವೆ; ಗುಳ್ಳೆಯೊಳಗಿನ ಕನ್ನಡವನ್ನು ಬರೆದವರು ಯಾರೆಂದು ಓದುಗರು ಕೇಳಲಿಲ್ಲ, ಪಾಠ ಹೇಳುವ ನಾವೂ ಕೇಳಲಿಲ್ಲ. ಸಾವಿರಾರು ಮಕ್ಕಳಿಗೆ ಕನ್ನಡ ಓದುವ ರುಚಿ ಹತ್ತಿಸಿದ ಆ ಕೈಗಳಿಗೆ ಸಾಹಿತ್ಯಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯೂ ದೊರೆಯದಿರುವುದು ನ್ಯಾಯವಲ್ಲ.

ಆದುದರಿಂದ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಪ್ರಾರ್ಥನೆ ಇಷ್ಟೆ. ವಿದ್ಯಾನಗರದ ಮನೆಗಳ ಅಟ್ಟಗಳಲ್ಲಿ, ಭದ್ರಾವತಿಯ ಕಾಗದನಗರದ ಹಳೆಯ ವಸತಿಗಳಲ್ಲಿ, ಹಳ್ಳಿಯ ಶಾಲೆಗಳ ಕಪಾಟುಗಳಲ್ಲಿ ಇಂಥ ಪುಸ್ತಿಕೆಗಳು ಇನ್ನೂ ಉಳಿದಿರಬಹುದು. ದೊರೆತ ಪ್ರತಿಯ ಸಂಖ್ಯೆ, ವರ್ಷ, ಬೆಲೆ, ಮುದ್ರಣಾಲಯ, ಅನುವಾದಕನ ಹೆಸರಿದ್ದರೆ ಅದು, ಇಷ್ಟನ್ನು ಬರೆದಿಟ್ಟು ಪುಟಗಳ ಛಾಯಾಪ್ರತಿ ತೆಗೆದಿರಿಸಬೇಕು. ೧೯೫೪ರ ಶಾಸನದಂತೆ ಪ್ರಕಾಶಕರು ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಯುಕ್ತ ಗ್ರಂಥಾಲಯಗಳಿಗೂ ಪ್ರತಿಗಳನ್ನು ಒಪ್ಪಿಸಬೇಕಾಗಿತ್ತು. ಅಲ್ಲಿಯ ಪಟ್ಟಿಗಳನ್ನು ಕನ್ನಡದ ದೃಷ್ಟಿಯಿಂದ ಶೋಧಿಸುವುದು ಎರಡನೆಯ ಕಾರ್ಯ. ಹಿಂದೆ ಈ ಪುಸ್ತಿಕೆಗಳನ್ನು ಮಾರಿದವರು, ಬಾಡಿಗೆಗೆ ಕೊಟ್ಟವರು, ಅಕ್ಷರ ಬರೆದವರು ಬದುಕಿರುವಾಗಲೇ ಅವರ ಮಾತನ್ನು ದಾಖಲಿಸುವುದು ಮೂರನೆಯದು. ಮೂರರಲ್ಲಿ ಇದಕ್ಕೇ ಹೆಚ್ಚಿನ ತ್ವರೆ. ಮೊದಲ ಹತ್ತು ಕನ್ನಡ ಪುಸ್ತಿಕೆಗಳ ಪೂರ್ಣ ಗಂಟು ನಮ್ಮ ವಿಶ್ವವಿದ್ಯಾನಿಲಯವೊಂದರ ಗ್ರಂಥಭಂಡಾರದಲ್ಲಿ ಸೇರಿದ ದಿನ, ಕನ್ನಡ ಅನುವಾದಚರಿತ್ರೆಯ ಈ ಅಧ್ಯಾಯವನ್ನು ಬರೆಯಲು ನಿಜವಾದ ತಳಹದಿ ದೊರೆತಂತಾಗುತ್ತದೆ.